ಸಾಮ್ರಾಟನೆಂದು ಮನೆಗೆ ತಂದ ಮರಿ ಬೇರೆಯೇ ಮೀನಾಗಿದೆ: ಹೆಸರು ಬಲ್ಲವರು ಹೇಳಿ

ಉಪ್ಪುನೀರು, ಬಸವನಗುಡಿ

ಎರಡೂವರೆ ವರ್ಷದ ಹಿಂದೆ ಊರಿನ ಒಂದು ಅಂಗಡಿಯಿಂದ ಹೆಬ್ಬೆರಳುದ್ದದ ಮರಿಯೊಂದನ್ನು ತಂದಿದ್ದೆ. ಕಡುನೀಲಿ ಮೈ, ಅದರ ಮೇಲೆ ಬಿಳಿ ಮತ್ತು ತಿಳಿನೀಲಿ ಗೆರೆಗಳು. "ಎಂಪರರ್ ಏಂಜೆಲ್ ಮರಿ ಸರ್, ದೊಡ್ಡದಾದರೆ ಮೈತುಂಬ ಹಳದಿ ಪಟ್ಟೆ ಬರುತ್ತದೆ" ಎಂದು ಅಂಗಡಿಯವರು ಹೇಳಿದರು. ಬೆಲೆಯನ್ನೂ ಸಾಮ್ರಾಟನಿಗೆ ತಕ್ಕಂತೆಯೇ ತೆಗೆದುಕೊಂಡರು.

ಬೆಂಗಳೂರಿನಲ್ಲಿ ಕಡಲಮೀನು ಸಾಕುವುದು ಎಂಥ ಹುಚ್ಚು ಎಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಕಾವೇರಿ ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಅದಕ್ಕೆ ಪೊಟ್ಟಣದ ಉಪ್ಪು ಬೆರೆಸಿ, ವಾರವಾರ ಅಳೆದು ಸುರಿಯಬೇಕು. ಕರೆಂಟು ಹೋದ ರಾತ್ರಿ ಬ್ಯಾಟರಿ ಪಂಪಿನ ಪಕ್ಕದಲ್ಲೇ ಕುಳಿತಿರಬೇಕು. ಹಳದಿ ಪಟ್ಟೆ ಬರುತ್ತದೆಂದು ಇಷ್ಟನ್ನೂ ಮಾಡಿದೆ.

ಈಗ ಬಂದಿರುವುದು ಹೀಗಿದೆ: ಮೈ ಕಿತ್ತಳೆ ಬೆರೆತ ಕಂದು, ಬಾಲ ಬಿಳಿ. ಮುಖದ ಕಡೆಯಿಂದ ಹೊರಟ ನೀಲಿ ಗೆರೆಗಳು ಬಿಲ್ಲಿನಂತೆ ಬಾಗಿ ಬೆನ್ನಿನ ಹಿಂತುದಿಯ ಕಡೆಗೆ ಏರುತ್ತವೆ. ಕಿವಿರಿನ ಮೇಲ್ಗಡೆ, ಹೆಗಲಿನಂಥ ಜಾಗದಲ್ಲಿ, ಒಂದು ನೀಲಿ ಬಳೆ. ಹಳದಿ ಪಟ್ಟೆ ಒಂದೂ ಇಲ್ಲ.

ಹುಡುಕಿದಾಗ ಮೂರು ಹೆಸರುಗಳು ಸಿಕ್ಕವು: ಪೊಮಕ್ಯಾಂಥಸ್ ಆನ್ಯುಲಾರಿಸ್, ಹೋಲಕ್ಯಾಂಥಸ್ ಆನ್ಯುಲಾರಿಸ್, ಕೀಟೊಡಾನ್ ಆನ್ಯುಲಾರಿಸ್. ಕೊನೆಯಲ್ಲಿ ಒಂದು ಕಡೆ "ಬ್ಲಾಕ್, 1787" ಎಂದಿದೆ, ಇನ್ನೊಂದು ಕಡೆ ಅದೇ ಬ್ಲಾಕ್ ಮಹಾಶಯ ಕಂಸದೊಳಗೆ ಕುಳಿತಿದ್ದಾನೆ. ಮೂರರಲ್ಲಿ ನನ್ನ ಮೀನು ಯಾವುದು? ಕಂಸ ಯಾಕೆ?

ಆರಡಿ ತೊಟ್ಟಿ, ಯಲಹಂಕ

ಮೂರೂ ನಿಮ್ಮದೇ ಮೀನು. ಅಂಗಡಿಯವರು ಹೇಳಿದ ನಾಲ್ಕನೆಯದು ಮಾತ್ರ ಅಲ್ಲ. ಮರಿಯಾಗಿದ್ದಾಗ ತೆಗೆದ ಫೋಟೊ ಇದ್ದರೆ ಹಾಕಿ.

ಉಪ್ಪುನೀರು, ಬಸವನಗುಡಿ

ಹಾಕಿದ್ದೇನೆ. ಮಗಳ ಬೆರಳು ಅಡ್ಡ ಬಂದಿದೆ, ಕ್ಷಮಿಸಿ.

ಆರಡಿ ತೊಟ್ಟಿ, ಯಲಹಂಕ

ಬೆರಳು ಬಿಟ್ಟು ಬಾಲದ ಬುಡವನ್ನು ನೋಡಿ. ಸಾಮ್ರಾಟನ ಮರಿಯಾಗಿದ್ದರೆ ಅಲ್ಲಿ ಬಿಳಿಗೆರೆ ಪೂರ್ತಿ ಸುತ್ತಿ ವೃತ್ತವಾಗುತ್ತದೆ. ಒಂದರೊಳಗೊಂದು ವೃತ್ತ, ಕೆರೆಗೆ ಕಲ್ಲು ಹಾಕಿದಂತೆ. ನಿಮ್ಮ ಮರಿಯ ಗೆರೆಗಳು ಮೇಲಿನಿಂದ ಕೆಳಕ್ಕೆ ಹೆಚ್ಚುಕಡಿಮೆ ನೆಟ್ಟಗೆ ಇಳಿದಿವೆ, ಎಲ್ಲಿಯೂ ಮುಚ್ಚಿಕೊಂಡಿಲ್ಲ. ಇವೆರಡರ ನಡುವೆ ಸೆಮಿಸರ್ಕ್ಯುಲೇಟಸ್ ಎಂಬ ಇನ್ನೊಂದಿದೆ. ಅದರ ಗೆರೆಗಳು ಅರ್ಧಚಂದ್ರದಂತೆ ಬಾಗಿರುತ್ತವೆ, ಹೆಸರಿಗೂ ಅರ್ಥ ಅದೇ. ಮೂರೂ ಮರಿಗಳು ನೀಲಿ-ಬಿಳಿಯೇ ಆದ್ದರಿಂದ ಪ್ಲಾಸ್ಟಿಕ್ ಚೀಲದಲ್ಲಿ ನೋಡಿದರೆ ಮೂರೂ ಒಂದೇ.

ತಮಾಷೆ ಏನೆಂದರೆ ಆನ್ಯುಲಾರಿಸ್ ಎಂದರೆ ಬಳೆಯುಳ್ಳದ್ದು. ಮರಿಯಲ್ಲಿ ಮೈತುಂಬ ಬಳೆ ತೊಟ್ಟದ್ದು ಬೆಳೆದು ಸಾಮ್ರಾಟನಾಗುತ್ತದೆ. ಮರಿಯಲ್ಲಿ ಒಂದೂ ಬಳೆಯಿಲ್ಲದ್ದು ಬೆಳೆದು ಬಳೆಗಾರನಾಗುತ್ತದೆ.

ಸಂದೇಹಿ

ಇದರಲ್ಲಿ ಚರ್ಚಿಸಲು ಏನಿದೆ? ಅಂಗಡಿಯವನು ಟೋಪಿ ಹಾಕಿದ್ದಾನೆ. ಲ್ಯಾಟಿನ್ ಹೆಸರಿನಿಂದ ದುಡ್ಡು ಹಿಂದಿರುಗಿ ಬರುವುದಿಲ್ಲ.

ಹುರುಪೆ ಎಣಿಸುವವಳು

ಮೀನುಗಳ ವರ್ಗೀಕರಣ ನನ್ನ ಓದಿನ ವಿಷಯ, ಹೊಟ್ಟೆಪಾಡೂ ಅದೇ. ಅಂಗಡಿಯವರ ಪರ ವಾದಿಸಲು ಬಂದಿಲ್ಲ. ಆದರೆ ಈ ಮರಿಗಳು ಟೋಪಿ ಹಾಕಿದ್ದು ಬಸವನಗುಡಿಯವರಿಗೆ ಮಾತ್ರವಲ್ಲ, ಹೆಸರು ಕೊಟ್ಟವರಿಗೇ ಹಾಕಿವೆ.

ಸಾಮ್ರಾಟನಿಗೆ ಹೆಸರಿಟ್ಟವನು ಬರ್ಲಿನ್‌ನ ವೈದ್ಯ ಮಾರ್ಕಸ್ ಎಲಿಯೆಸರ್ ಬ್ಲಾಕ್. 1787ರಲ್ಲಿ, ಬೆಳೆದ ಮೀನನ್ನು ನೋಡಿ ಕೀಟೊಡಾನ್ ಇಂಪರೇಟರ್ ಎಂದ. ಆತ 1799ರಲ್ಲಿ ತೀರಿಕೊಂಡ. ಅರ್ಧಕ್ಕೆ ನಿಂತಿದ್ದ ಅವನ ದೊಡ್ಡ ಗ್ರಂಥವನ್ನು ಷ್ನೈಡರ್ ಎಂಬ ವಿದ್ವಾಂಸ ಪೂರ್ತಿ ಮಾಡಿ 1801ರಲ್ಲಿ ಹೊರತಂದ. ಆ ಪುಸ್ತಕದಲ್ಲಿ ಕೀಟೊಡಾನ್ ನಿಕೋಬಾರಿಯೆನ್ಸಿಸ್ ಎಂಬ ಹೊಸ ಮೀನು ಬಂತು. ನಮ್ಮ ನಿಕೋಬಾರ್ ದ್ವೀಪಗಳ ಹೆಸರೇ ಅದು. ಮರುವರ್ಷ ಫ್ರಾನ್ಸಿನ ಲಾಸೆಪೆದ್ ಇನ್ನೊಂದನ್ನು ಹೋಲಕ್ಯಾಂಥಸ್ ಜಿಯೊಮೆಟ್ರಿಕಸ್ ಎಂದು ಕರೆದ. ವೃತ್ತಗಳನ್ನು ಕಂಡು ರೇಖಾಗಣಿತ ನೆನಪಾಗಿರಬೇಕು. ಆ ಎರಡೂ ಹೊಸ ಮೀನುಗಳಲ್ಲ, ಎರಡೂ ಸಾಮ್ರಾಟನ ಮರಿಗಳೇ. ಬ್ಲಾಕ್‌ನ ಹೆಸರನ್ನೇ ಹೊತ್ತ ಪುಸ್ತಕದಲ್ಲಿ ಬ್ಲಾಕ್‌ನ ಮೀನೇ ಬೇರೊಂದು ಹೆಸರಿನಿಂದ ಹುಟ್ಟಿತು!

ಬರ್ಲಿನ್‌ನಲ್ಲೋ ಪ್ಯಾರಿಸ್‌ನಲ್ಲೋ ಕುಳಿತವರ ಕೈಗೆ ಬರುತ್ತಿದ್ದುದು ಒಣಗಿಸಿದ ಮೀನು, ಸಾರಾಯಿ ಜಾಡಿಯಲ್ಲಿಟ್ಟ ಮೀನು, ಇಲ್ಲವೇ ಯಾರೋ ಬರೆದ ಚಿತ್ರ. ಮರಿ ಬೆಳೆದು ಬಣ್ಣ ಬದಲಿಸುವುದನ್ನು ನೋಡುವ ಅವಕಾಶ ಅವರಿಗಿರಲಿಲ್ಲ. ನೀವು ಅದನ್ನು ಸೋಫಾದ ಮೇಲೆ ಕುಳಿತು ಎರಡೂವರೆ ವರ್ಷ ನೋಡಿದ್ದೀರಿ.

ಹಾಗಾದರೆ ಯಾವ ಹೆಸರು ನಿಲ್ಲುತ್ತದೆ? ಮೊದಲು ಪ್ರಕಟವಾದದ್ದು. 1787 ಗೆದ್ದಿತು, 1801 ಮತ್ತು 1802ರ ಹೆಸರುಗಳು ಪರ್ಯಾಯನಾಮಗಳ ಪಟ್ಟಿಗೆ ಇಳಿದವು. ಅವುಗಳನ್ನು ಅಳಿಸುವುದಿಲ್ಲ, ಬಳಸುವುದೂ ಇಲ್ಲ. ಪ್ರಾಣಿಗಳ ಹೆಸರಿನ ಮಟ್ಟಿಗೆ ಈ ಸರದಿ ಶುರುವಾಗುವುದು 1758ರ ಜನವರಿ 1ರಿಂದ. ಎರಡು ಪದದ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಲಿನೇಯಸನ ಗ್ರಂಥದ ಹತ್ತನೆಯ ಆವೃತ್ತಿಗೆ ಒಪ್ಪಂದದ ಮೇಲೆ ಕೊಟ್ಟ ದಿನಾಂಕ ಅದು. ಅದಕ್ಕೂ ಹಿಂದೆ ಯಾರು ಎಷ್ಟು ಚಂದದ ಹೆಸರಿಟ್ಟಿದ್ದರೂ ಲೆಕ್ಕಕ್ಕಿಲ್ಲ.

ಸಂದೇಹಿ

ಅಂದರೆ ಕ್ಯೂನಲ್ಲಿ ಮೊದಲು ನಿಂತವನಿಗೆ ಟಿಕೆಟ್. ಗುಣ ನೋಡುವುದಿಲ್ಲ.

ಹುರುಪೆ ಎಣಿಸುವವಳು

ಗುಣ ನೋಡಲು ಹೊರಟರೆ ಪ್ರತಿ ತಲೆಮಾರೂ ತನಗೆ ಚಂದ ಕಂಡ ಹೆಸರಿಡುತ್ತದೆ. ನಮ್ಮ ಊರಿನ ರಸ್ತೆಗಳ ಹೆಸರು ಹಿಡಿದು ಮನೆ ಹುಡುಕಿದ್ದೀರಲ್ಲ, ಗೊತ್ತಿರಬೇಕು.

ನಿವೃತ್ತ ಪ್ರಾಣಿಶಾಸ್ತ್ರ, ಮಲ್ಲೇಶ್ವರ

ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ದ್ವಿನಾಮ ಪದ್ಧತಿ ಪಾಠ ಮಾಡಿದವನು ನಾನು. ಕಂಸದ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ಇವತ್ತು ಬಸವನಗುಡಿಯಿಂದ ಬಂತು. ಸಂತೋಷ.

ಹೆಸರಿನ ಮೊದಲ ಪದ ಜಾತಿಯದು (ಜೀನಸ್), ಎರಡನೆಯದು ಪ್ರಭೇದದ್ದು (ಸ್ಪೀಶೀಸ್). ಬ್ಲಾಕ್ 1787ರಲ್ಲಿ ನಿಮ್ಮ ಮೀನನ್ನು ಕೀಟೊಡಾನ್ ಎಂಬ ಜಾತಿಗೆ ಸೇರಿಸಿ ಕೀಟೊಡಾನ್ ಆನ್ಯುಲಾರಿಸ್ ಎಂದ. ಆಗ ಬರೆಯಬೇಕಾದ ಕ್ರಮ: ಕೀಟೊಡಾನ್ ಆನ್ಯುಲಾರಿಸ್ ಬ್ಲಾಕ್, 1787. ಕಂಸ ಬೇಡ. ಮುಂದೆ ಅದನ್ನು ಪೊಮಕ್ಯಾಂಥಸ್ ಎಂಬ ಜಾತಿಗೆ ವರ್ಗಾಯಿಸಲಾಯಿತು. ಪ್ರಭೇದಕ್ಕೆ ಹೆಸರಿಟ್ಟ ಗೌರವ ಬ್ಲಾಕ್‌ನದೇ, ಆದರೆ ಈ ಜೋಡಿ ಅವನು ಮಾಡಿದ್ದಲ್ಲ. ಅದನ್ನು ತಿಳಿಸಲು ಹೆಸರನ್ನೂ ವರ್ಷವನ್ನೂ ಕಂಸದೊಳಗೆ ಇಡುತ್ತಾರೆ: ಪೊಮಕ್ಯಾಂಥಸ್ ಆನ್ಯುಲಾರಿಸ್ (ಬ್ಲಾಕ್, 1787). ಕಂಸ ಕಂಡೊಡನೆ ಈ ಮೀನು ಹುಟ್ಟಿದ ಮನೆ ಬೇರೆ, ಈಗಿರುವ ಮನೆ ಬೇರೆ ಎಂದು ತಿಳಿಯಬೇಕು.

ಕೀಟೊಡಾನ್ ಎಂಬುದು ಆ ಕಾಲದಲ್ಲಿ ಛತ್ರವಿದ್ದಂತೆ. ಮೈ ತಟ್ಟೆಯಂತೆ ಚಪ್ಪಟೆ, ಬಾಯಿ ಚಿಕ್ಕದು ಎಂದರೆ ಸಾಕು, ಬಾ ಎನ್ನುತ್ತಿದ್ದರು. ಕೇರಳದವರು ಬಾಳೆಲೆಯಲ್ಲಿ ಸುತ್ತಿ ಸುಡುವ ಕರಿಮೀನು ಇದೆಯಲ್ಲ, ಹಿನ್ನೀರಿನದು, ಅದನ್ನೂ ಬ್ಲಾಕ್ 1790ರಲ್ಲಿ ಕೀಟೊಡಾನ್ ಸುರತೆನ್ಸಿಸ್ ಎಂದೇ ಬರೆದ. ಹವಳದ ಮೀನಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಈಗ ಅದು ಎಟ್ರೋಪ್ಲಸ್ ಸುರತೆನ್ಸಿಸ್ (ಬ್ಲಾಕ್, 1790).

ಆತನ ಮೀನುಗಳು ಇಂದಿಗೂ ಬರ್ಲಿನ್‌ನ ಪ್ರಕೃತಿ ವಸ್ತುಸಂಗ್ರಹಾಲಯದಲ್ಲಿವೆ. 432 ಬಣ್ಣದ ಚಿತ್ರಫಲಕಗಳ ಅವನ ಮಹಾಗ್ರಂಥದ ಕೆಲವು ಫಲಕಗಳನ್ನು ಕಂಪ್ಯೂಟರಿನಲ್ಲಿ ಅಳಿಯ ತೋರಿಸಿದ. ಅಂದು ಮಧ್ಯಾಹ್ನದ ನಿದ್ರೆ ಹೋಯಿತು.

ಸಂದೇಹಿ

ಮೇಷ್ಟರೇ, ಎರಡು ಮಾತು. ಮನುಷ್ಯನಿಗೆ ಇಲ್ಲದ ಸೌಕರ್ಯ ಮೀನಿಗಿದೆ: ಒಬ್ಬ ಪಂಡಿತ ಲೇಖನ ಬರೆದರೆ ಜಾತಿ ಬದಲಾಗುತ್ತದೆ. ಎರಡನೆಯದು, ದೇವಕಿ-ವಸುದೇವರಾದ ಮೇಲೆ ಕಂಸನ ಸೆರೆ ಸೇರಿದವನು ಬ್ಲಾಕ್ ಒಬ್ಬನೇ ಇರಬೇಕು.

ನಿವೃತ್ತ ಪ್ರಾಣಿಶಾಸ್ತ್ರ, ಮಲ್ಲೇಶ್ವರ

ಪಠ್ಯಪುಸ್ತಕದಲ್ಲಿ ಜಾತಿ ಎಂದು ಬರೆದವನು ನಾನಲ್ಲ. ಕುಲ ಎನ್ನಬಹುದಿತ್ತು. ಅದೂ ನಿಮ್ಮ ಬಾಯಿಂದ ಉಳಿಯುತ್ತಿರಲಿಲ್ಲ.

ಉಪ್ಪುನೀರು, ಬಸವನಗುಡಿ

ಕಂಸ ಅರ್ಥವಾಯಿತು. ಇನ್ನೊಂದು ಸಂಗತಿ. ಈ ಮೀನನ್ನು ಬಲೆಯಲ್ಲಿ ಹಿಡಿದಾಗಲೆಲ್ಲ ಕೆನ್ನೆಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. ಹೋದ ತಿಂಗಳು ತೊಟ್ಟಿ ತೊಳೆಯುವಾಗ ಕತ್ತರಿಯಿಂದ ಬಲೆಯನ್ನೇ ಕತ್ತರಿಸಬೇಕಾಯಿತು. ಮೊದಲು ಸಾಕಿದ್ದ ಚಿಟ್ಟೆಮೀನು ಹೀಗೆ ಸಿಕ್ಕಿಕೊಂಡದ್ದೇ ಇಲ್ಲ. ಇದಕ್ಕೆ ಏನೋ ರೋಗವೇ?

ನಿವೃತ್ತ ಪ್ರಾಣಿಶಾಸ್ತ್ರ, ಮಲ್ಲೇಶ್ವರ

ರೋಗವಲ್ಲ ಸ್ವಾಮಿ, ಅದೇ ಇಡೀ ಕುಟುಂಬದ ಗುರುತು! ಗ್ರೀಕಿನಲ್ಲಿ ಪೋಮ ಎಂದರೆ ಮುಚ್ಚಳ, ಅಕಾಂಥ ಎಂದರೆ ಮುಳ್ಳು. ಕಿವಿರಿನ ಮುಚ್ಚಳದ ಕೆಳಮೂಲೆಯಲ್ಲಿ ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳಿರುವುದರಿಂದ ಪೊಮಕ್ಯಾಂಥಸ್. ಲಾಸೆಪೆದ್ 1802ರಲ್ಲಿ ಇಟ್ಟ ಕುಲನಾಮ. ಚಿಟ್ಟೆಮೀನಿನ ಕುಲನಾಮವಾದ ಕೀಟೊಡಾನ್ ಎಂದರೆ ಕೂದಲಿನಂಥ ಹಲ್ಲಿನದು. ಅದಕ್ಕೆ ಆ ಮುಳ್ಳಿಲ್ಲ. ನಿಮ್ಮ ಬಲೆ ಎರಡು ಕುಟುಂಬಗಳನ್ನು ಬೇರ್ಪಡಿಸಿ ತೋರಿಸಿದೆ.

ಮುಳ್ಳಿನ ವಿಷಯ ಎಲ್ಲರಿಗೂ ಗೊತ್ತಿದ್ದರೂ ಏಂಜೆಲ್ ಮೀನುಗಳನ್ನು ಬಹುಕಾಲ ಚಿಟ್ಟೆಮೀನುಗಳ ಕೀಟೊಡಾಂಟಿಡೆ ಕುಟುಂಬದ ಒಳಗೇ ಒಂದು ಉಪಕುಟುಂಬವಾಗಿ ಇಟ್ಟಿದ್ದರು. ದೊಡ್ಡ ಮನೆಯಲ್ಲಿ ಚಿಕ್ಕಪ್ಪನ ಸಂಸಾರಕ್ಕೆ ಒಂದು ಕೋಣೆ ಕೊಟ್ಟ ಹಾಗೆ. ಮನೆ ಪಾಲಾಗಬೇಕು ಎಂದು ಪಟ್ಟುಹಿಡಿದವನು ವಾರನ್ ಬರ್ಜೆಸ್, 1974ರಲ್ಲಿ. ಎಲುಬಿನ ರಚನೆಯ ಜೊತೆಗೆ ಎಳೆಯ ಮರಿಗಳ ಸಾಕ್ಷ್ಯವೂ ಇತ್ತು. ಚಿಟ್ಟೆಮೀನಿನ ಲಾರ್ವಾಕ್ಕೆ ತಲೆಯ ಸುತ್ತ ಎಲುಬಿನ ಫಲಕಗಳ ಕವಚವಿರುತ್ತದೆ. ಏಂಜೆಲ್ ಮೀನಿನ ಲಾರ್ವಾಕ್ಕೆ ಅದಿಲ್ಲ. ಪಾಲು ಊರ್ಜಿತವಾಯಿತು. ಅಂದಿನಿಂದ ಪೊಮಕ್ಯಾಂಥಿಡೆ ಸ್ವತಂತ್ರ ಕುಟುಂಬ.

ಹುರುಪೆ ಎಣಿಸುವವಳು

ಕುಟುಂಬ ನೆಲೆಗೊಂಡಿತು, ಅದರ ಮೇಲಿನ ಗಣ ಮಾತ್ರ ಅಲ್ಲಾಡುತ್ತಲೇ ಇದೆ. ಸರ್ ಪಾಠ ಮಾಡುತ್ತಿದ್ದ ಕಾಲದಲ್ಲಿ ಪರ್ಸಿಫಾರ್ಮಿಸ್ ಎಂದು ಬರೆದರೆ ಅಂಕ ಸಿಗುತ್ತಿತ್ತು. ಎಲ್ಲಿಯೂ ಹೊಂದದ ಮೀನುಗಳನ್ನೆಲ್ಲ ಹಾಕಿಟ್ಟ ಅಟ್ಟ ಅದು. ಡಿಎನ್‌ಎ ಬಂದ ಮೇಲೆ ಅಟ್ಟ ಖಾಲಿ ಮಾಡುತ್ತಿದ್ದೇವೆ. ಇತ್ತೀಚಿನ ಹಲವು ವರ್ಗೀಕರಣಗಳಲ್ಲಿ ಏಂಜೆಲ್ ಮೀನುಗಳು ಅಕ್ಯಾಂಥುರಿಫಾರ್ಮಿಸ್ ಎಂಬ ಗಣದಲ್ಲಿವೆ, ಸರ್ಜನ್ ಮೀನುಗಳ ಜೊತೆ.

ನಿವೃತ್ತ ಪ್ರಾಣಿಶಾಸ್ತ್ರ, ಮಲ್ಲೇಶ್ವರ

ಗೊತ್ತು ಮಗಳೇ. ನನ್ನ ಹಳೆಯ ನೋಟ್ಸಿನಲ್ಲಿ ಪೆನ್ಸಿಲಿನಿಂದ ತಿದ್ದಿಕೊಂಡಿದ್ದೇನೆ. ಪೆನ್ನು ಬಳಸುವ ಧೈರ್ಯವಿಲ್ಲ.

ಪಣಂಬೂರು ಅಲೆ, ಈಗ ಹೆಬ್ಬಾಳ

ಎರಡು ದಿನದಿಂದ ಓದುತ್ತಿದ್ದೇನೆ. ನೀವೆಲ್ಲ ಬರ್ಲಿನ್, ಪ್ಯಾರಿಸ್ ಎನ್ನುತ್ತೀರಿ. ಮೀನು ಹಿಡಿದು ಕೊಟ್ಟವರು ಯಾರು? ಅವರು ಅದಕ್ಕೊಂದು ಹೆಸರು ಹೇಳಿರಲಿಲ್ಲವೇ? ನಮ್ಮ ಕಡೆ ಬಂಗುಡೆ, ಬೂತಾಯಿ, ಕಾಣೆ, ಮಾಂಜಿ ಎಂದರೆ ಚಿಕ್ಕ ಮಗುವಿಗೂ ತಿಳಿಯುತ್ತದೆ. ಬಂಗುಡೆಗೆ ನಿಮ್ಮ ಪಟ್ಟಿಯಲ್ಲಿ ಏನು ಹೆಸರು? ಅದೂ ಯಾವನೋ ಫ್ರಾನ್ಸಿನವನು ಇಟ್ಟದ್ದೇ?

ಹುರುಪೆ ಎಣಿಸುವವಳು

ಅಕ್ಕ, ಈ ಪ್ರಶ್ನೆಗೆ ಕಾಯುತ್ತಿದ್ದೆ. ಬಂಗುಡೆ: ರಾಸ್ಟ್ರೆಲ್ಲಿಗರ್ ಕನಗುರ್ತ (ಕ್ಯೂವಿಯೆ, 1816). ಕ್ಯೂವಿಯೆ ಫ್ರಾನ್ಸಿನವನೇ ಹೌದು. ಆದರೆ "ಕನಗುರ್ತ" ಲ್ಯಾಟಿನ್ ಅಲ್ಲ, ಗ್ರೀಕೂ ಅಲ್ಲ. ತೆಲುಗು!

ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದಲ್ಲಿದ್ದಾಗ ಇನ್ನೂರು ಮೀನುಗಳ ಚಿತ್ರ, ವಿವರಣೆ ಸಿದ್ಧಪಡಿಸಿದ. ಅದು 1803ರಲ್ಲಿ ಅಚ್ಚಾಯಿತು. ಅಲ್ಲಿಯ ಜನ ಮೀನಿಗೆ ಏನೆಂದು ಕರೆಯುತ್ತಿದ್ದರೋ ಅದನ್ನು ಕಿವಿಗೆ ಬಿದ್ದಂತೆ ಬರೆದಿಟ್ಟ. ಕ್ಯೂವಿಯೆ ಆ ಪುಸ್ತಕ ಮುಂದಿಟ್ಟುಕೊಂಡು ಸ್ಕಾಂಬರ್ ಕನಗುರ್ತ ಎಂದು ಹೆಸರಿಸಿದ. ಆಮೇಲೆ ಕುಲ ಬದಲಾಯಿತು, ಆದ್ದರಿಂದಲೇ ಕಂಸ. ಕಡಲತಡಿಯಲ್ಲಿ ಯಾರೋ ಒಬ್ಬರು ಹೇಳಿದ ಮಾತು ಹಾಗೇ ಉಳಿದುಕೊಂಡಿತು. ಹೇಳಿದವರ ಹೆಸರು ಮಾತ್ರ ಕಂಸದ ಒಳಗೂ ಇಲ್ಲ, ಹೊರಗೂ ಇಲ್ಲ.

ರಾಸ್ಟ್ರೆಲ್ಲಿಗರ್ ಎಂದರೆ ಪುಟ್ಟ ಹಲುಬೆ ಹೊತ್ತದ್ದು. ಮುಂದಿನ ಸಲ ಬಂಗುಡೆ ತಂದಾಗ ಬಾಯಿ ಅಗಲಿಸಿ ನೋಡಿ.

ಪಣಂಬೂರು ಅಲೆ, ಈಗ ಹೆಬ್ಬಾಳ

ನೋಡಬೇಕಾಗಿಲ್ಲ. ಗರಿಯ ಹಾಗೆ ಉದ್ದುದ್ದ ಎಳೆ, ಕಿವಿರಿನ ಒಳಬದಿಗೆ. ಐವತ್ತು ವರ್ಷದಿಂದ ಕಿತ್ತು ಬಿಸಾಡುತ್ತಿದ್ದೇನೆ. ಅದು ಹೆಸರಿಗೆ ಕಾರಣವೆಂದು ಇವತ್ತು ಗೊತ್ತಾಯಿತು. ಆದರೂ ಒಂದು ಬೇಜಾರು: ತೆಲುಗಿನವರಿಗೆ ಸಿಕ್ಕಿತು, ನಮಗೆ ಸಿಗಲಿಲ್ಲ.

ಸಂದೇಹಿ

ಇದಕ್ಕೂ ಗಡಿ ವಿವಾದ ಶುರುವಾಯಿತೇ?

ನಿವೃತ್ತ ಪ್ರಾಣಿಶಾಸ್ತ್ರ, ಮಲ್ಲೇಶ್ವರ

ಸಿಕ್ಕಿಲ್ಲವೆಂದು ಯಾರು ಹೇಳಿದರು? ಕರಿಮೀನಿನ ದಾಯಾದಿಯೊಂದು ನಮ್ಮ ಕರಾವಳಿಯ ನದಿಗಳಲ್ಲಿದೆ: ಎಟ್ರೋಪ್ಲಸ್ ಕ್ಯಾನರೆನ್ಸಿಸ್ ಡೇ, 1877. ಕೆನರಾ ಸೀಮೆಯ ಹೆಸರೇ. ಫ್ರಾನ್ಸಿಸ್ ಡೇ ಇಟ್ಟ ಕುಲದಲ್ಲೇ ಇಂದಿಗೂ ಇದೆ. ಆದ್ದರಿಂದ, ಮಕ್ಕಳೇ, ಕಂಸ?

ಉಪ್ಪುನೀರು, ಬಸವನಗುಡಿ

ಇಲ್ಲ ಸರ್.

ಹುರುಪೆ ಎಣಿಸುವವಳು

ಅದು ಊರಿನ ಹೆಸರಾಯಿತು. ಅಕ್ಕ ಕೇಳಿದ್ದು ಮಾತು. ಅದೂ ಇದೆ. ತುಂಗಾ ನದಿಗೆ ಸೇರುವ ಸಣ್ಣ ಹೊಳೆಯಲ್ಲಿ ಸಿಕ್ಕ, ಬೆರಳ ತುದಿಯಷ್ಟು ಪುಟ್ಟ ಮೀನು. ಮೈಮೇಲೆ ಅಡ್ಡ ಪಟ್ಟೆಗಳು. 2015ರಲ್ಲಿ ಬ್ರಿಟ್ಜ್ ಮತ್ತು ಅಲಿ ಅದಕ್ಕೆ ಇಟ್ಟ ಹೆಸರು ಡಾರಿಯೊ ಹುಲಿ. ನಮ್ಮ ಹುಲಿಯೇ! ಸಿಹಿನೀರಿನ ಮೀನು, ಹವಳದ್ದಲ್ಲ, ನಿಜ. ಆದರೆ ಜಪಾನಿನವನು ಬರೆದರೂ ಬ್ರೆಜಿಲಿನವನು ಬರೆದರೂ "ಹುಲಿ" ಎಂದೇ ಬರೆಯಬೇಕು.

ಹವಳದ ಕಡೆಗೇ ಬರುವುದಾದರೆ, ಸಾಮ್ರಾಟನ ಕುಲದಲ್ಲೇ ಅಸ್ಫುರ್ ಎಂಬುದೊಂದಿದೆ: ಪೊಮಕ್ಯಾಂಥಸ್ ಅಸ್ಫುರ್ (ಫೋರ್ಸ್ಕಾಲ್, 1775). ಅರಬ್ಬಿಯಲ್ಲಿ ಗುಬ್ಬಚ್ಚಿಯಂಥ ಹಕ್ಕಿ ಎಂದು ಅರ್ಥ. ಗಿಡ, ಪ್ರಾಣಿಗಳನ್ನು ಹುಡುಕುತ್ತ ಆ ಕಡೆ ಹೋಗಿದ್ದ ಫೋರ್ಸ್ಕಾಲ್ ಯೆಮನ್‌ನಲ್ಲೇ 1763ರಲ್ಲಿ ತೀರಿಕೊಂಡ. ಅವನ ಟಿಪ್ಪಣಿಗಳನ್ನು ಜೊತೆಗಾರ ನೀಬೂರ್ ಹನ್ನೆರಡು ವರ್ಷದ ಮೇಲೆ ಅಚ್ಚುಹಾಕಿಸಿದ.

ನನಗೆ ಎಲ್ಲಕ್ಕಿಂತ ಇಷ್ಟದ ಕಥೆ ಲಕ್ಷದ್ವೀಪದ ಕೆಳಗೆ, ಮಾಲ್ಡೀವ್ಸ್‌ನಲ್ಲಿ ನಡೆದದ್ದು. ಸಿರಿಲಾಬ್ರಸ್ ಕುಲದ ಗುಲಾಬಿ ಬಣ್ಣದ ಮೀನೊಂದು ಅಲ್ಲಿ 40ರಿಂದ 70 ಮೀಟರ್ ಆಳದಲ್ಲಿರುತ್ತದೆ. 1990ರ ದಶಕದಲ್ಲೇ ಕೈಗೆ ಸಿಕ್ಕಿತ್ತು. ಆದರೆ ಚಾಗೋಸ್ ದ್ವೀಪಗಳಲ್ಲಿ ಸಿಕ್ಕ ಒಂದೇ ಒಂದು ಮರಿಯನ್ನು ನೋಡಿ 1983ರಲ್ಲಿ ಹೆಸರಿಸಿದ್ದ ರುಬ್ರಿಸ್ಕ್ವಾಮಿಸ್ ಎಂಬುದರ ಬೆಳೆದ ರೂಪವೇ ಇದು ಎಂದು ಎಲ್ಲರೂ ಅಂದುಕೊಂಡರು. ಮತ್ತೆ ಮರಿಯ ಕಾಟ ನೋಡಿ, ಈ ಸಲ ತಿರುಗುಮುರುಗು: ಸಾಮ್ರಾಟನ ವಿಷಯದಲ್ಲಿ ಒಂದನ್ನು ಮೂರು ಮಾಡಿದ್ದರು, ಇಲ್ಲಿ ಎರಡನ್ನು ಒಂದು ಮಾಡಿದರು. ಹುರುಪೆ ಎಣಿಸಿ, ಬೆನ್ನಿನ ರೆಕ್ಕೆಯ ಮುಳ್ಳು ಅಳೆದು, ಡಿಎನ್‌ಎ ಹೋಲಿಸಿದ ಮೇಲೆ ಬೇರೆ ಎಂದು ತಿಳಿಯಿತು. 2022ರಲ್ಲಿ ಸಿರಿಲಾಬ್ರಸ್ ಫಿನಿಫೆನ್ಮಾ ಎಂದು ಹೆಸರಾಯಿತು. ದಿವೇಹಿ ಭಾಷೆಯಲ್ಲಿ ಗುಲಾಬಿ ಹೂವು, ಆ ದೇಶದ ರಾಷ್ಟ್ರೀಯ ಪುಷ್ಪ. ಹೆಸರಿಟ್ಟ ನಾಲ್ವರಲ್ಲಿ ಅಹ್ಮದ್ ನಜೀಬ್ ಮಾಲ್ಡೀವ್ಸ್‌ನವರೇ. ಹೆಸರು ಬರುವ ಮೊದಲೇ ಅದು ಅಲಂಕಾರಿಕ ಮೀನಿನ ವ್ಯಾಪಾರದಲ್ಲಿ ಓಡಾಡುತ್ತಿತ್ತು.

ಆರಡಿ ತೊಟ್ಟಿ, ಯಲಹಂಕ

ವ್ಯಾಪಾರದ ಮಾತು ಬಂದದ್ದರಿಂದ ಹೇಳುತ್ತೇನೆ. ಕೋಡಂಗಿ ಮೀನನ್ನು (ಕ್ಲೌನ್‌ಫಿಶ್) ಹೆಚ್ಚಿನ ಅಂಗಡಿಗಳಲ್ಲಿ "ಪರ್ಕ್ಯುಲ" ಎಂದು ಮಾರುತ್ತಾರೆ. ಬೆನ್ನಿನ ರೆಕ್ಕೆಯ ಮುಳ್ಳು ಎಣಿಸಿದರೆ ಸಾಮಾನ್ಯವಾಗಿ ಹನ್ನೊಂದು ಸಿಗುತ್ತವೆ, ಅಂದರೆ ಆಸೆಲ್ಲಾರಿಸ್. ಪರ್ಕ್ಯುಲ ಆಗಿದ್ದರೆ ಹತ್ತು. ಓಡಾಡುವ ಮೀನಿನ ಮುಳ್ಳು ಎಣಿಸುವುದು ಹೇಗೆ ಎಂದು ಕೇಳಬೇಡಿ. ಫೋಟೊ ತೆಗೆದು ದೊಡ್ಡದು ಮಾಡಿ ಎಣಿಸಿ.

ನಿರ್ವಾಹಕ

ಮಧ್ಯೆ ಯಾರೋ "ಜೀವಂತ ಹವಳ ಸಿಗುತ್ತದೆಯೇ" ಎಂದು ಕೇಳಿದ್ದರು. ಆ ಬರಹವನ್ನು ತೆಗೆದಿದ್ದೇನೆ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಕಡಲ್ಗುದುರೆಗೂ ಅದೇ ಕಾಯ್ದೆಯ ರಕ್ಷಣೆಯಿದೆ. ಇಲ್ಲಿ ಕೊಳ್ಳುವ, ಮಾರುವ ಮಾತು ಬೇಡ. ಮುಂದುವರಿಸಿ.

ಸಂದೇಹಿ

ನಾನು ಸೋತಿದ್ದೇನೆ ಎಂದು ಬರೆಯುವುದಿಲ್ಲ. ಒಂದು ನಿಜವಾದ ಪ್ರಶ್ನೆ: ಮರಿಗೂ ದೊಡ್ಡದಕ್ಕೂ ಇಷ್ಟು ಬೇರೆ ಬಟ್ಟೆ ಯಾಕೆ? ಪಂಡಿತರನ್ನು ಗೋಳುಹೊಯ್ದುಕೊಳ್ಳಲಿಕ್ಕಂತೂ ಇರಲಾರದು.

ಹುರುಪೆ ಎಣಿಸುವವಳು

ಬೆಳೆದ ಏಂಜೆಲ್ ಮೀನು ತನ್ನ ಜಾಗಕ್ಕೆ ತನ್ನಂಥ ಬಣ್ಣದ್ದು ಬಂದರೆ ಸಹಿಸುವುದಿಲ್ಲ, ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಮರಿ ಬೇರೆ ವೇಷದಲ್ಲಿದ್ದರೆ ಎದುರಾಳಿ ಎಂದು ಎಣಿಸುವುದಿಲ್ಲ, ಏಟು ತಪ್ಪುತ್ತದೆ. ಹೀಗೆಂದು ಬಹುಮಂದಿ ಒಪ್ಪುತ್ತಾರೆ. ಸ್ವಂತ ಗೂಡಿಗೆ ಬಲ ಬಂದ ಮೇಲೆ ವೇಷ ಕಳಚುತ್ತದೆ.

ಉಪ್ಪುನೀರು, ಬಸವನಗುಡಿ

ನನ್ನ ತೊಟ್ಟಿಯಲ್ಲಿ ವೇಷ ಕಳಚಿದ ಮೇಲೆ ಉಳಿದವರೆಲ್ಲ ಮೂಲೆ ಸೇರಿದ್ದಾರೆ. ನಾಲ್ಕಡಿ ತೊಟ್ಟಿ ಸಾಲುತ್ತಿಲ್ಲ. ಇದು 45 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ ಎಂದು ಓದಿ ಹೆಂಡತಿ ನನ್ನ ಮುಖ ನೋಡಿದಳು. ಅಂಗಡಿಗೆ ಹೋಗಿ ಹೇಳಿದೆ. "ನಮಗೂ ಆ ಹೆಸರಿನಲ್ಲೇ ಬರುತ್ತದೆ ಸರ್" ಎಂದರು. ಅದು ಸುಳ್ಳಿರಲಿಕ್ಕಿಲ್ಲ ಎಂದು ಈಗ ಅನ್ನಿಸುತ್ತದೆ.

ಆರಡಿ ತೊಟ್ಟಿ, ಯಲಹಂಕ

ನನ್ನ ಹೆಸರಿನಲ್ಲೇ ವಿಳಾಸವಿದೆ. ತಂದುಬಿಡಿ. ನಿಜ ಹೇಳಬೇಕೆಂದರೆ ಆರಡಿಯೂ ಇದಕ್ಕೆ ಹೆಚ್ಚೇನಲ್ಲ, ಆದರೆ ಒಂಟಿಯಾಗಿ ಬಿಟ್ಟರೆ ಬಾಳುತ್ತದೆ. ಹಿಡಿಯಲು ಬಲೆ ಬೇಡ, ಪ್ಲಾಸ್ಟಿಕ್ ಡಬ್ಬದಲ್ಲಿ ನೀರಿನ ಸಮೇತ ಎತ್ತಿ.

ಉಪ್ಪುನೀರು, ಬಸವನಗುಡಿ

ಭಾನುವಾರ ಬೆಳಿಗ್ಗೆ ಆರಕ್ಕೇ ಹೊರಟು, ಹೆಬ್ಬಾಳ ಮೇಲ್ಸೇತುವೆಯಲ್ಲಿ ಸಿಕ್ಕಿಕೊಳ್ಳದೆ ದಾಟಿ, ತಲುಪಿಸಿ ಬಂದೆವು. ಡಬ್ಬ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವಳು ಮಗಳು. ಅವರ ತೊಟ್ಟಿಗೆ ಅಂಟಿಸಲು ಒಂದು ಚೀಟಿಯನ್ನೂ ಅವಳೇ ಬರೆದಿದ್ದಳು:

ಬಳೆಗಾರ
ಪೊಮಕ್ಯಾಂಥಸ್ ಆನ್ಯುಲಾರಿಸ್ ಬ್ಲಾಕ್, 1787

ಫೋಟೊ ಹಾಕಿದ್ದೇನೆ. ಈ ಸಲ ಬೆರಳು ಇಲ್ಲ.

ನಿವೃತ್ತ ಪ್ರಾಣಿಶಾಸ್ತ್ರ, ಮಲ್ಲೇಶ್ವರ

ಅಕ್ಷರ ಮುದ್ದಾಗಿದೆ. ಕಂಸ ಎಲ್ಲಿ?

ಉಪ್ಪುನೀರು, ಬಸವನಗುಡಿ

ಕೇಳಿದೆ ಸರ್. "ಅವರು ಪಾಪ, ಹೊರಗೇ ಇರಲಿ" ಎಂದಳು.

ಆರಡಿ ತೊಟ್ಟಿ, ಯಲಹಂಕ

ಪೆನ್ಸಿಲಿನಲ್ಲಿ ನಾನು ಹಾಕಿದ್ದೇನೆ. ಮೀನು ಸಂಜೆಗೇ ಸೀಗಡಿ ತಿಂದಿತು.